ಪೆನ್ ಸ್ಟ್ಯಾಂಡಿನ ಉಂಗುರ

ಮಾರ್ಚ್ ೧೧, ಮಂಗಳವಾರ

ಸಂಪತ್ತಿನ ಸಲಹೆಗಾರರಿಗೆ,

ನೀವು ಕ್ಷೇಮವೆಂದು ನಿಮ್ಮ ಹೊಸ ಬೋರ್ಡು ನೋಡಿಯೇ ತಿಳಿಯಿತು, ಕೇಳುವ ಶ್ರಮ ಉಳಿಯಿತು. ನನ್ನ ಕ್ಷೇಮ ನಿಮಗೆ ಬೇಕಿಲ್ಲ, ನನ್ನ ಗಿರಾಕಿಗಳು ಬೇಕು. ಅವರೂ ಕ್ಷೇಮ.

ನೀವು ಕಳಿಸಿದ ಒಪ್ಪಂದ ಪತ್ರ ನನ್ನ ಮೇಜಿನ ಮೇಲೆ ಬಿದ್ದಿದೆ. ಆಡಿಟರಾದ ನಾನು ನಿಮ್ಮಲ್ಲಿಗೆ ಕಳಿಸುವ ಪ್ರತಿಯೊಬ್ಬರಿಗೂ ನಿಮ್ಮ ಶುಲ್ಕದಲ್ಲಿ ನನಗೊಂದು ಪಾಲಂತೆ. ವಕೀಲರಿಗೆ, ಹಲ್ಲಿನ ಡಾಕ್ಟರಿಗೆ, ಮನೆ ಮಾರಿಸುವವರಿಗೆ ಕೂಡ. ಈ ‘ಶಿಫಾರಸು ಪಾಲುದಾರರ ಬಳಗ’ಕ್ಕೆ ಮೊದಲ ಸಹಿ ನನ್ನದೇ ಆಗಬೇಕಂತೆ. ಹದಿನಾಲ್ಕು ವರ್ಷ ಜೊತೆಗೆ ಬಾಳಿದವಳಿಗೆ ಎರಡು ಸಾಲು ಬರೆಯದವರು ಪಾಲುದಾರಳಾಗು ಎಂದು ಒಂಬತ್ತು ಪುಟ ಬರೆದಿದ್ದೀರಿ! ಸಹಿಗೂ ಸಿಹಿಗೂ ಒಂದು ಗುಡಿಸಿನಷ್ಟೇ ಅಂತರ, ನಿಜ. ಆ ಗುಡಿಸನ್ನೂ ಮೂರು ವರ್ಷದ ಹಿಂದೆ ಮನೆ ಬಿಡುವಾಗ ನೀವು ಗುಡಿಸಿಕೊಂಡು ಹೋದಿರಿ.

ನಾನು ಸಹಿ ಹಾಕುವುದಿಲ್ಲ. ಯಾಕೆಂದು ಕೇಳಿ.

ನಾವು ಬೇರೆಯಾದ ಮೇಲೂ ನಿಮ್ಮಲ್ಲಿಗೆ ಜನರನ್ನು ಕಳಿಸಿದೆ, ಬಿಡಿಗಾಸು ಮುಟ್ಟದೆ. ಮೊದಲ ಭೇಟಿಯಲ್ಲಿ ಹದಿನೈದು ನಿಮಿಷ ಜೊತೆಗೆ ಕೂತು, ಪರಿಚಯ ಮಾಡಿಸಿ, ಎದ್ದು ಬರುವುದು ನಮ್ಮ ಪದ್ಧತಿ. ಹಾಗೆ ಕೂತಾಗಲೆಲ್ಲ ನಿಮ್ಮ ನಾಟಕಕ್ಕೆ ನನಗೆ ಬಿಟ್ಟಿ ಟಿಕೇಟು. ಬಾಗಿಲು ತಟ್ಟಿದ ಸದ್ದಿಗೆ ಪೆನ್ ಸ್ಟ್ಯಾಂಡಿನಲ್ಲಿದ್ದ ಮದುವೆಯ ಉಂಗುರ ಬೆರಳಿಗೆ ಹತ್ತುತ್ತದೆ. ಮೇಜಿನ ಮೇಲಿನ ಫೋಟೋ ಗಿರಾಕಿಯ ಕಡೆ ತಿರುಗುತ್ತದೆ: ಸಮುದ್ರದ ದಂಡೆ, ಹಲ್ಲು ಕಿರಿಯುವ ನೀವು, ಪಕ್ಕದಲ್ಲಿ ಬಿಸಿಲಿಗೆ ಅಂಗೈ ಅಡ್ಡ ಹಿಡಿದು ಮುಖ ಮರೆಸಿಕೊಂಡ ನಾನು. “ನನ್ನ ಮನೆಯವಳು ದಿನಾ ಹೇಳ್ತಿರ್ತಾಳೆ, ಇನ್ನೊಬ್ಬರ ದುಡ್ಡು ಅಂದ್ರೆ ಇನ್ನೊಬ್ಬರ ಮಗು ಇದ್ದ ಹಾಗೆ, ಎತ್ತಿಕೊಂಡ ಮೇಲೆ ಬೀಳಿಸಬಾರದು ಅಂತ” ಎಂದು ನೀವು ಶುರು ಮಾಡುವಾಗ, ಆ ಮನೆಯವಳು ಮೂರಡಿ ದೂರದಲ್ಲಿ ಬಿಸ್ಕತ್ತು ನುಂಗಲಾರದೆ ಕೂತಿರುತ್ತಾಳೆ. ಸಂಸಾರವಂದಿಗನ ಕೈಗೆ ಹಣ ಕೊಡಲು ಜನ ಹೆದರುವುದಿಲ್ಲ ಎಂಬುದು ನಿಮ್ಮ ಎಣಿಕೆ. ನಾನು ಬಾಯಿ ಬಿಡಲಿಲ್ಲ. ಅದು ನನ್ನ ತಪ್ಪು.

ಹೋದ ವಾರ ಗಣಿತದ ಟೀಚರನ್ನು ಕರೆತಂದೆನಲ್ಲ, ನಿವೃತ್ತಿಯ ಹಣವನ್ನೆಲ್ಲ ಯಾರ ಕೈಗಿಡುವುದೆಂದು ನನ್ನನ್ನು ಕೇಳಿಕೊಂಡು ಬಂದವರು? ಅವತ್ತು ನನ್ನ ಹಿಂದೆಯೇ ಎದ್ದು ಬಂದು, ಮೆಟ್ಟಿಲ ಮೇಲೆ ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು. “ಡಯಲ್ಲು ಒಳಗಡೆ ಬರೋ ಹಾಗೆ ವಾಚು ಕಟ್ಟೋರು ಎಷ್ಟು ಜನ ಇರ್ತಾರಮ್ಮ? ಫೋಟೋದಲ್ಲೂ ಇದೇ ಕೆಂಪು ಪಟ್ಟಿ. ಮೂವತ್ತೆಂಟು ವರ್ಷ ಕಾಪಿ ಹೊಡೆಯೋರನ್ನ ಹಿಡಿದವಳು ನಾನು. ಅವ್ರು ನಿನ್ನ ಗಂಡಾನಾ?”

ಕೈಗಡಿಯಾರವೇ ಕೈಕೊಟ್ಟಿತು. ಹೌದು, ಆದರೆ ಈಗ ಬೇರೆಯಾಗಿದ್ದೇವೆ ಎಂದೆ.

“ಹಾಗಾದ್ರೆ ನನ್ನ ಇಲ್ಲಿಗೆ ಕರೆತಂದಿದ್ದು ಒಳ್ಳೆ ಕೆಲಸಗಾರ ಅಂತಲೋ, ಗಂಡ ಅಂತಲೋ?” ಕೇಳಿದವರೇ ಇಳಿದು ಹೋದರು.

ಇಪ್ಪತ್ತು ವರ್ಷದಿಂದ ಜನ ನನ್ನ ಒಂದು ‘ಹೂಂ’ ನಂಬಿ ಬಾಳಿನ ಗಳಿಕೆಯನ್ನು ಬೇರೆಯವರ ಕೈಗೆ ಕೊಟ್ಟಿದ್ದಾರೆ. ನನಗಿರುವ ಆಸ್ತಿ ಅದೊಂದೇ. ನಿಮ್ಮ ಪಾಲು ಪಡೆದಿದ್ದರೆ ಆ ಪ್ರಶ್ನೆಗೆ ಮೂರನೆಯ ಉತ್ತರವೂ ಇರುತ್ತಿತ್ತು, ಅದೇ ಎಲ್ಲಕ್ಕಿಂತ ಹೊಲಸು.

ಆದ್ದರಿಂದ ನಾನು ಕಳಿಸಿದ ಎಲ್ಲರಿಗೂ ಇವತ್ತು ಪತ್ರ ಹಾಕಿದ್ದೇನೆ: ನಿಮ್ಮ ಸಲಹೆಗಾರರು ನನ್ನ ಗಂಡ, ಈಗ ಜೊತೆಗಿಲ್ಲ, ಇದನ್ನು ಮೊದಲೇ ಹೇಳಬೇಕಿತ್ತು. ನಾಳೆಯಿಂದ ನಿಮ್ಮ ಫೋನು ಬಾಯಿ ಬಡಿದುಕೊಳ್ಳುತ್ತದೆ. ಎತ್ತಿ ನಿಜ ಹೇಳಿ. ಅಭ್ಯಾಸ ತಪ್ಪಿದ್ದರೆ ಕನ್ನಡಿಯ ಮುಂದೆ ಒಂದೆರಡು ಸಲ ಹೇಳಿ ನೋಡಿ. ನಿಮ್ಮ ಬಳಗಕ್ಕೆ ಹಲ್ಲಿನ ಡಾಕ್ಟರೇ ಸರಿ, ಕೀಳುವುದು ಅವರಿಗೂ ಗೊತ್ತು.

ಇಂತಿ,
ಫೋಟೋದಲ್ಲಿ ಮುಖ ಮರೆಸಿಕೊಂಡವಳು

ತಾ.ಕ.: ಲಕೋಟೆ ಅಂಟಿಸುವ ಹೊತ್ತಿಗೆ ಟೀಚರು ಉತ್ತರ ಕೇಳಿಕೊಂಡು ಆಫೀಸಿಗೇ ಬಂದರು. ಗಂಡನಾಗಿ ದಂಡ, ಆದರೆ ಕೆಲಸದಲ್ಲಿ ಒಂದು ಸುಳ್ಳು ಅಂಕಿ ಬರೆದದ್ದು ಕಂಡಿಲ್ಲ, ನನ್ನಮ್ಮನ ಹಣ ಈಗಲೂ ಅವರ ಹತ್ತಿರವೇ ಇದೆ ಎಂದೆ. “ಇಷ್ಟು ಬೈದೂ ಕಳಿಸ್ತೀಯಲ್ಲ, ಇನ್ಯಾವ ಸರ್ಟಿಫಿಕೇಟು ಬೇಕು” ಎಂದು ನಕ್ಕರು. ಗುರುವಾರ ಹನ್ನೊಂದಕ್ಕೆ ಒಬ್ಬರೇ ಬರುತ್ತಾರೆ. ಫೋಟೋ ಡ್ರಾಯರಿಗೆ ಹಾಕಿ. ಉಂಗುರ ಹುಡುಕಬೇಡಿ, ನನ್ನ ಬಳಿ ಇದೆ. ಅವತ್ತು ಟೀಚರು ಇಳಿದು ಹೋದ ಮೇಲೆ, ಕೊಡೆ ಮರೆತೆನೆಂದು ನಾನು ಮತ್ತೆ ಮೇಲೆ ಬಂದಾಗ ನೀವು ಒಳಗೆ ಫೋನಿನಲ್ಲಿದ್ದಿರಿ. ನಾನು ಕೊಡೆ ತಂದೇ ಇರಲಿಲ್ಲ. ಉಂಗುರ ನನ್ನ ಹೆಬ್ಬೆರಳಿಗೂ ಸಡಿಲ. ಹಾಕಿ ನೋಡಿದ್ದಕ್ಕೆ ಏನೇನೋ ಅರ್ಥ ಹಚ್ಚಬೇಡಿ.