ಎಬ್ಬಿಸಿ ಪರೀಕ್ಷಿಸಿದ ನಿದ್ದೆ

ವೈದ್ಯಕೀಯ ಮಂಡಳಿಯ ಮಾನ್ಯ ಅಧ್ಯಕ್ಷರೇ,

ನಿದ್ದೆಯಲ್ಲಿ ಮಾತ್ರ ಕಾಣಿಸಿಕೊಳ್ಳುವ ಕಾಯಿಲೆಯನ್ನು ರೋಗಿಯನ್ನು ಎಬ್ಬಿಸಿ ಹುಡುಕಿದಿರಿ, ಸಿಗಲಿಲ್ಲವೆಂದು ಷರಾ ಬರೆದಿರಿ. ನನ್ನ ತಮ್ಮ ಮಾನಪ್ಪ ಈಗ ನಿಮ್ಮ ಸಹಿಯ ಪ್ರಕಾರ ಆರೋಗ್ಯವಂತ. ಜೀಪು ಓಡಿಸಲು ಅರ್ಹ. ಶಸ್ತ್ರಚಿಕಿತ್ಸೆ ಅನಗತ್ಯ. ಆತ ಹುಣಸಗಿ ಕಡೆಯ ಕಾಲುವೆ ದಂಡೆಯ ಮೇಲೆ ನೀರಾವರಿ ಇಲಾಖೆಯ ಜೀಪು ನಡೆಸುವವನು. ಹೋದ ಬೇಸಿಗೆಯಲ್ಲಿ ಹಾಡಹಗಲೇ ಸ್ಟೀರಿಂಗ್ ಹಿಡಿದು ನಿದ್ದೆಹೋದ. ಪಕ್ಕದಲ್ಲಿದ್ದ ಎಂಜಿನಿಯರ್ ಕೂಗಿದ್ದರಿಂದ ಒಂದು ಚಕ್ರವಷ್ಟೇ ದಂಡೆಯಿಂದ ಜಾರಿತು.

ತಾವು ವೈದ್ಯಶಾಸ್ತ್ರ ಓದಿದವರು, ನಾನು ಓದಿದ್ದು ಬರೀ ಕನ್ನಡ ಎಂ.ಎ. ಆದರೂ ತಮಗೆ ಅಂಗುಳಿನ ಪಾಠ ಹೇಳಬೇಕಾಗಿ ಬಂದಿದೆ. ಬಾಯಿಯ ಚಾವಣಿಯ ಮುಂಭಾಗ ಎಲುಬಿನದು. ಹಿಂಭಾಗ, ಕಿರುನಾಲಿಗೆ ಜೋತುಬಿದ್ದಿರುವ ಜಾಗ, ಬರೀ ಸ್ನಾಯುವಿನ ಮೆದು ಪರದೆ. ಎಚ್ಚರವಿದ್ದಾಗ ಸ್ನಾಯುಗಳು ಅದನ್ನು ಹಿಡಿದಿರುತ್ತವೆ. ನಿದ್ದೆಯಲ್ಲಿ ಅವು ಸಡಿಲಾಗುತ್ತವೆ; ನನ್ನ ತಮ್ಮನಂಥವರಲ್ಲಿ ಆ ಪರದೆ ಹಿಂದಕ್ಕೆ ಕುಸಿದು ಉಸಿರಿನ ದಾರಿಯನ್ನೇ ಮುಚ್ಚುತ್ತದೆ. ರಾತ್ರಿಯಿಡೀ ಹೀಗೆ ಉಸಿರುಗಟ್ಟಿ ಎಚ್ಚರಾಗುವವನ ಬಾಕಿ ನಿದ್ದೆ ಹಗಲಲ್ಲಿ ವಸೂಲಾಗುತ್ತದೆ. ಕವಿತೆಯ ಎರಡು ಸಾಲುಗಳ ನಡುವಿನ ಮೌನವನ್ನು ಮೆಚ್ಚಿಕೊಂಡು ಬದುಕಿದವಳು ನಾನು. ತಮ್ಮನ ಎರಡು ಉಸಿರುಗಳ ನಡುವಿನ ಮೌನ ಅಂಥದ್ದಲ್ಲ ಸ್ವಾಮಿ.

ಕಲಬುರಗಿಯ ತಜ್ಞರು ನಿದ್ದೆಯ ಮದ್ದು ಕೊಟ್ಟು, ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ, ಪರದೆ ಎಲ್ಲಿ ಕುಸಿಯುತ್ತದೆಂದು ಕಣ್ಣಾರೆ ಕಂಡರು. ಮೂಗಿಗೆ ಗಾಳಿ ತಳ್ಳುವ ಯಂತ್ರವನ್ನೂ ಕಟ್ಟಿ ನೋಡಿದೆವು; ಆತ ನಿದ್ದೆಗಣ್ಣಲ್ಲೇ ಕಿತ್ತೆಸೆಯುತ್ತಿದ್ದ. ಆಮೇಲೆಯೇ ಅವರು ಟಾನ್ಸಿಲ್ ತೆಗೆದು, ಮೆದು ಅಂಗುಳನ್ನು ಮುಂದಕ್ಕೆಳೆದು ಹೊಲಿಯಬೇಕೆಂದು ಬರೆದುಕೊಟ್ಟದ್ದು. ಅದರ ಖರ್ಚನ್ನು ಇಲಾಖೆ ಕೊಡಬೇಕಾದರೆ ತಮ್ಮ ಮಂಡಳಿಯ ಒಪ್ಪಿಗೆ ಬೇಕಿತ್ತು.

ಬಂದೆವು. ಊಟ ಮುಗಿಸಿ ತಾವು ಕರೆಯುವಷ್ಟರಲ್ಲಿ ಮಾನಪ್ಪ ಬೆಂಚಿನ ಮೇಲೆ ನಿದ್ದೆಹೋಗಿದ್ದ. ಗೊರಕೆ, ಆಮೇಲೆ ಏನೂ ಇಲ್ಲ, ಆಮೇಲೆ ಮುಳುಗಿ ಎದ್ದವನಂತೆ ಏದುಸಿರು. ಇಡೀ ಕಾಯಿಲೆ ತಮ್ಮ ಬಾಗಿಲಿಗೇ ಬಂದು ಸಾಕ್ಷಿ ಹೇಳುತ್ತಿತ್ತು. ತಾವು ಒಳಗಿನಿಂದ ಗದರಿದಿರಿ:

"ಯಾರಂವ ಅಲ್ಲಿ ಗೊರಕಿ ಹೊಡಿಯಾಕತ್ತಾನ? ಎಬ್ಬಸ್ರಿ ಅವನ್ನ!"

ಜವಾನ ಶರೀಫಸಾಬ ಓಡಿಬಂದರು. "ಏಳೋ ಮಾನಪ್ಪ, ಸಾಹೇಬ್ರ ಬಾಗಲಾಗ ಹಿಂಗ ಮಲಗ್ತಾರೇನು? ಮಾರಿ ತೊಳ್ಕೊ ಹೋಗು."

ನಮ್ಮ ಕಡೆ ದೊಡ್ಡವರ ಮುಂದೆ ತೂಕಡಿಸುವುದು ಮರ್ಯಾದೆಯಲ್ಲ. ಮಾನಪ್ಪನ ಹೆಂಡತಿ ಸುಮಲತಾ ನಾಚಿ, ಗಂಡನಿಗೆ ಮುಖ ತೊಳೆಸಿ, ಕಡಕ್ ಚಹಾ ಕುಡಿಸಿ, ತಲೆ ಬಾಚಿ ಒಳಗೆ ಕರೆತಂದಳು. ತಾವು ಬಾಯಿ ತೆಗೆಸಿ 'ಆ' ಅನ್ನಿಸಿದಿರಿ. 'ಆ' ಎಂದರೆ ಮೆದು ಅಂಗುಳ ಮೇಲೇಳುತ್ತದೆ, ತಮ್ಮದೂ ಏಳುತ್ತದೆ. ಅದನ್ನೇ ಟಾರ್ಚ್ ಹಿಡಿದು ನೋಡಿ, ದಾರಿ ಸಾಫ್ ಎಂದಿರಿ.

"ಈಗ ಹೊರಗ ಕೇಳಿದ್ರಲ್ಲ, ಆ ಗೊರಕಿ ಇವ್ರದೇ ಅದರೀ ಸಾಹೇಬ್ರ," ಎಂದಳು ಸುಮಲತಾ.

"ನಾನೂ ಹೊಡಿತೀನವ್ವ. ಸತ್ತೀನೇನು?"

"ನೀವು ಜೀಪ್ ಹೊಡಿಯಂಗಿಲ್ಲಲ್ರೀ!"

ತಾವು ನಕ್ಕು ಸಹಿ ಮಾಡಿದಿರಿ. ಅಂದಿನಿಂದ ಮಾನಪ್ಪ ಸ್ಟೀರಿಂಗ್ ಮುಟ್ಟಿಲ್ಲ. ಅರ್ಹನೆಂಬ ಸಹಿ ಇರುವುದರಿಂದ ಅದು ಈಗ ಕರ್ತವ್ಯಲೋಪ. ಗಾಡಿ ಓಡಿಸದಿದ್ದರೆ ಕೆಲಸದಿಂದ ತೆಗೆಯುತ್ತೇವೆಂದು ಇಲಾಖೆ ತಿಳಿಸಿದೆ. ಕೆಲಸ ಬಿಡಬೇಕೇ, ಕಾಲುವೆಗೆ ಬೀಳಬೇಕೇ? ಇದಕ್ಕೂ ಟಾರ್ಚ್ ಹಿಡಿದು ಉತ್ತರ ಹುಡುಕಿಕೊಡುವಿರಾ?

ಆ ಅರ್ಹತಾ ಪತ್ರವನ್ನು ರದ್ದುಮಾಡಿ. ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಕೊಡಿ. ಗುಣವಾಗುವವರೆಗೆ ಆತನಿಗೆ ಬೇರೆ ಕೆಲಸ ಕೊಡಿಸಿ. ತಮ್ಮ ಸಹಿಯ ಮೇಲೆ ಇನ್ನೂ ಅಷ್ಟು ನಂಬಿಕೆಯಿದ್ದರೆ ಬನ್ನಿ, ಮಧ್ಯಾಹ್ನದ ಊಟವಾದ ಮೇಲೆ ಮಾನಪ್ಪನ ಪಕ್ಕದ ಸೀಟಿನಲ್ಲಿ ಕುಳಿತು ಕಾಲುವೆಯ ಕೊನೆಯವರೆಗೆ ಹೋಗಿಬನ್ನಿ. ದಾರಿಯಲ್ಲಿ ಯಾರೂ ಆತನನ್ನು ಎಬ್ಬಿಸುವುದಿಲ್ಲ.

ಇಂತಿ,
ಕವಿತೆ ಓದಬೇಕಾದ ವಯಸ್ಸಿನಲ್ಲಿ ಗಂಟಲಿನ ನಕ್ಷೆ ಬಾಯಿಪಾಠ ಮಾಡಿಕೊಂಡ,
ಮಾನಪ್ಪನ ಅಕ್ಕ ಪರಿಮಳಾ
ಸುರಪುರ