ಬೀಸುಕಲ್ಲಿನ ಅಡಿಯಲ್ಲಿ ಒಂದು ಮಾತು ಕೆತ್ತಿಸಿ

ರಾಯಚೂರು, ಚಪ್ಪರದ ಕೆಳಗೆ
ಬೇಗೆಗಾಲದ ನಲವತ್ತೊಂದನೆಯ ದಿನ, ಇಸವಿ ೨೧೯೪

ಏಳು ತಲೆಮಾರು ಹಿಂದಿನ ನಮ್ಮ ಮನೆಯ ಹಿರಿಯರಾದ ಕಾಶವ್ವನವರಿಗೆ, ನೀಲಗಂಗವ್ವ ಮಾಡುವ ನಮಸ್ಕಾರ.

ನನ್ನ ಕೆಲವು ಮಾತು ನಿಮಗೆ ತಿಳಿಯಲಿಕ್ಕಿಲ್ಲ, ಕ್ಷಮಿಸಿ. ನಾನು ಹೈಸ್ಕೂಲಿನ ತನಕ ಓದಿದವಳು. ಯಾರ ಮುಂದೂ ಕೈಯೊಡ್ಡಿದವಳಲ್ಲ. ಇವತ್ತು ಒಡ್ಡುತ್ತಿದ್ದೇನೆ.

ನಮ್ಮ ಊರಿನ ಮೇಲೆ ಈಗ ಬಿಸಿಲು ತಡೆಯುವ ಚಪ್ಪರವಿದೆ. ಅದರ ಕೆಳಗೆ ಯಾರೂ ನಡೆಯುವುದಿಲ್ಲ. ಸಾಗುನೆಲವೆಂಬ ಜಾರುವ ದಾರಿ ನಿಂತವರನ್ನು ನಿಂತಂತೆಯೇ ಒಯ್ಯುತ್ತದೆ. ನಳದಲ್ಲಿ ನೀರಿನ ಜೊತೆ ತಂಪು ಪಾನಕವೂ ಬರುತ್ತದೆ. ಬರದ ಕಾಲದಲ್ಲಿ ಹಸಿದು ಸತ್ತವರ ಮಕ್ಕಳು ನಾವು. ಅದಕ್ಕೇ ಉಂಡ ಮೈಗೆ ಇಲ್ಲಿ ಪೂಜೆ. ಹುಡುಗಿಯ ಕತ್ತಿನ ಹಿಂದೆ ಕಪ್ಪು ಪಟ್ಟೆ ಮೂಡಿದರೆ ಅದನ್ನು ಹೊನ್ನೆರಳು ಎನ್ನುತ್ತಾರೆ, ಆರತಿ ಎತ್ತುತ್ತಾರೆ. ಆಮೇಲೆ ಆ ನೆರಳು ಗಾಢವಾಗಲೆಂದು ಒಂದು ವರ್ಷ ಪೀಠದ ಮೇಲೆ ಕೂರಿಸಿ, ನಡೆಯಗೊಡದೆ, ಪಾನಕ ಕುಡಿಸುತ್ತಾರೆ.

ನನ್ನ ಮಗಳು ಸುಗಲಾಳ ಹೊನ್ನೆರಳು ಊರಿಗೇ ಹೆಸರಾಗಿತ್ತು. ಪ್ರತಿ ವರ್ಷ ರಕ್ತದ ಸಕ್ಕರೆ ನೋಡುತ್ತಿದ್ದರು, ಪ್ರತಿ ಸಲವೂ ಸರಿ ಇತ್ತು. ಸಕ್ಕರೆ ಸರಿ ಇದ್ದರೆ ಎಲ್ಲ ಸರಿ ಎಂಬುದು ಇಲ್ಲಿಯವರ ವೇದವಾಕ್ಯ. ಆದರೆ ಅವಳ ಮುಟ್ಟು ತಪ್ಪತೊಡಗಿತು, ಗಲ್ಲದ ಮೇಲೆ ಕೂದಲು ಬಂತು, ರಕ್ತದ ಒತ್ತಡ ಏರಿತು. ಯಕೃತ್ತಿನಲ್ಲಿ ಕೊಬ್ಬು ಕಟ್ಟಿತು. ಮೂವತ್ತನಾಲ್ಕಕ್ಕೆ ಹೃದಯ ನಿಂತಿತು. ಸತ್ತ ದಿನವೂ ಸಕ್ಕರೆ ಸರಿಯೇ ಇತ್ತು.

ಹಳೆಯ ವೈದ್ಯ ಪುಸ್ತಕಗಳನ್ನು ಓದಿ ನಾನು ತಿಳಿದುಕೊಂಡದ್ದು ಇಷ್ಟು. ಒಬ್ಬರು ಕೂಗಿದರೆ ಓಗೊಡದ ಮನೆಯ ಮುಂದೆ ಹತ್ತು ಜನ ನಿಂತು ಕೂಗುತ್ತಾರಲ್ಲ, ಹಾಗೆ. ಮೈ ಇನ್ಸುಲಿನ್ನಿನ ಮಾತು ಕೇಳದೆ ಮೊಂಡಾದಾಗ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ಸಕ್ಕರೆಯೇನೋ ಹತೋಟಿಯಲ್ಲಿರುತ್ತದೆ, ವರ್ಷಗಟ್ಟಲೆ. ಆದರೆ ಆ ಕೂಗಾಟ ಯಕೃತ್ತು, ಅಂಡಾಶಯ, ರಕ್ತನಾಳ, ಹೃದಯ ಎಲ್ಲವನ್ನೂ ಕೆಡಿಸುತ್ತ ಹೋಗುತ್ತದೆ. ಕತ್ತಿನ ಕಪ್ಪು ಅದರ ಮೊದಲ ಸುಳಿವು. ಆಗಲೇ ಸಿಹಿ ಬಿಟ್ಟು, ನಡೆದು, ಮೈಮುರಿದು ದುಡಿದರೆ ಮೈ ಮತ್ತೆ ಕಿವಿಗೊಡುತ್ತದೆ.

ಈಗ ಸುಗಲಾಳ ಮಗಳು ಹೊನ್ನಾಂಬೆಯ ಕತ್ತಿನಲ್ಲಿ ಆ ನೆರಳು ಮೂಡಿದೆ. ಹನ್ನೊಂದು ವರ್ಷದ ಕೂಸು. ನಾಡಿದ್ದು ಆರತಿ, ಆಮೇಲೆ ಪೀಠ. ನಾನು ಬಾಗಿಲಿಗೆ ಅಡ್ಡ ನಿಂತೆ. ಅವಳ ಇನ್ನೊಬ್ಬ ಅಜ್ಜಿ, ನನ್ನ ಬೀಗತಿ ತೋಟವ್ವ, ನಕ್ಕಳು. "ಅಯ್ಯ ಬೀಗ್ತಿ, ಕೂಸಿನ ಕೊಳ್ಳಾಗ ಬಂಗಾರ ಮೂಡ್ಯಾದ, ನೀ ಯಾಕ ಮಾರಿ ಬಾಡಿಸ್ತಿ? ನಿನ್ನ ಕೊಳ್ಳು ಬೋಳದ ಅಂತ ಹೊಟ್ಟಿಕಿಚ್ಚೇನು? ಸಕ್ಕರಿ ಚೊಲೋ ಬಂದದ, ಸುಮ್ನ ಕೂಡು." ಅಳಿಯನೂ ತಾಯಿಯ ಮಾತಿಗೇ ತಲೆಯಾಡಿಸಿದ. ಈ ಮನೆಯಲ್ಲಿ ನನ್ನ ಮಾತು ಮೀರಿದವರು ಇರಲಿಲ್ಲ. ಈಗ ಎಲ್ಲರೂ ಮೀರುತ್ತಿದ್ದಾರೆ.

ಅವರು ಮೀರಲಾರದ್ದು ಒಂದೇ, ಕಲ್ಲುಮಾತು. ಸತ್ತ ಹಿರಿಯರು ಮನೆಯ ಕಲ್ಲಿನಲ್ಲಿ ಕೆತ್ತಿಸಿದ ಮಾತಿಗೆ ಇಲ್ಲಿ ಎದುರಾಡುವಂತಿಲ್ಲ. ನೀವು ಜೋಳ ಬೀಸಿದ ಬೀಸುಕಲ್ಲು ಇಂದಿಗೂ ನಮ್ಮ ನಡುಮನೆಯಲ್ಲಿದೆ.

ನಿಮ್ಮ ಮಗಳ ಕತ್ತೂ ಕಪ್ಪಾಗಿತ್ತಂತೆ. ಕೊಳೆಯೆಂದು ನೀವು ಕಡಲೆಹಿಟ್ಟು, ನಿಂಬೆಹಣ್ಣು ಹಚ್ಚಿ ತಿಕ್ಕಿದಿರಂತೆ. ಸಕ್ಕರೆ ಸರಿ ಇದೆ ಎಂದು ಡಾಕ್ಟರು ಹೇಳಿದ ದಿನ ಓಣಿಗೆಲ್ಲ ಪೇಡೆ ಹಂಚಿದಿರಂತೆ. ನಮ್ಮ ಮನೆಯಲ್ಲಿ ಇದನ್ನು ಈಗಲೂ ಹೆಮ್ಮೆಯಿಂದ ಹೇಳುತ್ತಾರೆ. ಕಾಶವ್ವ, ಹಿಂದಿನ ಕಾಲಕ್ಕೆ ಕಾಗದ ಒಯ್ಯುವ ಹಿಮ್ಮುಖ ಅಂಚೆ ಇದನ್ನು ಆ ಪೇಡೆಗೂ ಮೊದಲೇ ನಿಮಗೆ ಮುಟ್ಟಿಸುತ್ತದೆ. ತಿಕ್ಕಬೇಡಿ. ಪೇಡೆ ಹಂಚಬೇಡಿ. ಮಗಳನ್ನು ಮತ್ತೆ ಕರೆದೊಯ್ದು, ಸಕ್ಕರೆಯ ಆಚೆ ಏನಿದೆ ಎಂದು ಕೇಳಿ. ಆಮೇಲೆ ಬೀಸುಕಲ್ಲಿನ ಕೆಳಗಲ್ಲನ್ನು ಮಗುಚಿ ಹೀಗೆ ಕೆತ್ತಿಸಿ: ಕತ್ತಿನ ಕಪ್ಪು ಕೊಳೆಯಲ್ಲ, ಬಂಗಾರವೂ ಅಲ್ಲ, ಮಗಳನ್ನು ಕೂರಿಸಬೇಡಿ, ನಡೆಸಿ.

ಹಿಮ್ಮುಖ ಅಂಚೆಗೆ ಉತ್ತರ ಬರುವುದಿಲ್ಲ. ನಿಮ್ಮ ಉತ್ತರ ಆ ಕಲ್ಲಿನಲ್ಲೇ ಸಿಗಬೇಕು. ಇವತ್ತು ಬೆಳಿಗ್ಗೆ ಕೆಳಗಲ್ಲಿನ ಅಡಿಗೆ ಕೈ ತೂರಿಸಿ ಸವರಿ ನೋಡಿದೆ, ನುಣ್ಣಗಿತ್ತು; ಈ ಕಾಗದ ಇನ್ನೂ ಹೊರಟಿರಲಿಲ್ಲ. ನಾಡಿದ್ದು ಆರತಿಯ ತಟ್ಟೆ ಬರುವ ಹೊತ್ತಿಗೆ ಎಲ್ಲರೆದುರು ಅದನ್ನು ಮಗುಚುತ್ತೇನೆ. ಒಬ್ಬಳಿಂದ ಆಗದು. ಇನ್ನೊಂದು ಅಂಚು ಹಿಡಿಯುತ್ತೇನೆಂದು ಹೊನ್ನಾಂಬೆ ಹೇಳಿದ್ದಾಳೆ. ಅವಳ ತೋಳಿನಲ್ಲಿ ಇನ್ನೂ ಬಲವಿದೆ.