ಎರಡು ಸ್ಲೇಟು, ಮೂರು ಕ್ಯಾಮೆರಾ

ಸ್ಟುಡಿಯೋ ಕೌಂಟರಿನ ಹಿಂದಿನ ಸ್ಟೂಲಿನಿಂದ,
ಗುರುವಾರ, ಹನ್ನೊಂದನೇ ತಾರೀಖು, ಊಟದ ಬಿಡುವಿನಲ್ಲಿ

ಪ್ರೀತಿಯ ನಮ್ಮನೆ ಸರ್ಕಾರದವರಿಗೆ,

ಅತ್ತೆಯವರ ಕಾಲು ಹೇಗಿದೆ? ಪ್ಲಾಸ್ಟರ್ ಬಿಚ್ಚುವುದು ಇಪ್ಪತ್ತನೇ ತಾರೀಖು ಅಂತ ಡಾಕ್ಟರು ಹೇಳಿದ್ದು ಹಾಗೇ ಇದೆಯೋ, ಮುಂದೆ ಹೋಯಿತೋ? ನೀನು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ, ಇಲ್ಲ ಅಮ್ಮನಿಗೆ ಬಡಿಸಿ ಪಾತ್ರೆಯ ತಳದಲ್ಲಿ ಉಳಿದದ್ದನ್ನು ಊಟ ಎಂದು ಕರೆಯುತ್ತಿದ್ದೀಯಾ? ಇಲ್ಲಿ ನಾನು ಕ್ಷೇಮ. ನಿನ್ನ ಬಾಲ್ಕನಿಯ ಹನ್ನೊಂದು ಕುಂಡಗಳಲ್ಲಿ ಒಂಬತ್ತು ಕ್ಷೇಮ. ಉಳಿದೆರಡರ ವಿಷಯ ನೀನು ಬಂದ ಮೇಲೆ, ಕೂತು, ನೀರು ಕುಡಿದು, ಸಮಾಧಾನವಾಗಿ ಮಾತಾಡೋಣ. ಅತ್ತೆಯವರು ಕಿಟಕಿಯ ಪಕ್ಕ ಪ್ಲಾಸ್ಟರ್ ಕಾಲು ಚಾಚಿಕೊಂಡು ಬಟಾಣಿ ಸುಲಿಯುತ್ತಿರುವ ಫೋಟೋ ಕಳಿಸಿದ್ದೆಯಲ್ಲ, ತಲುಪಿತು. ನಿನ್ನ ತಮ್ಮ ಅದನ್ನು ದೊಡ್ಡದು ಮಾಡಿ, "ಬೆಳಕು ನೋಡಿ ಭಾವ, ಬೆಳಕು ನೋಡಿ" ಎಂದು ನನ್ನ ಮೂಗಿಗೆ ಹಿಡಿದ. ನಾನು ಕಾಲನ್ನಷ್ಟೇ ನೋಡಿದೆ. ಮುರಿದ ಕಾಲಿನ ಫೋಟೋದಲ್ಲಿ ಬೆಳಕು ಹುಡುಕುವಷ್ಟು ಕಟುಕ ಅಳಿಯ ನಾನಲ್ಲ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀಯ. ಹೇಗೆ ಹೇಳಲಿ? ನಾನು "ಹಲೋ" ಎನ್ನುವಷ್ಟರಲ್ಲಿ ಅತ್ತೆಯವರು "ಸ್ಪೀಕರ್ ಹಾಕೇ" ಅನ್ನುತ್ತಾರೆ. ಈ ಪತ್ರದಲ್ಲಿರುವ ಸಂಗತಿ ಸ್ಪೀಕರಿನಲ್ಲಿ ಹೇಳುವಂಥದ್ದಲ್ಲ. ನಾಳೆ ಬೆಳಿಗ್ಗೆ ನಿನ್ನ ತಮ್ಮ ಅಮ್ಮನನ್ನು ನೋಡಲು ಅಲ್ಲಿಗೇ ಬರುತ್ತಾನಲ್ಲ, ಅವನ ಕೈಯಲ್ಲೇ ಕಳಿಸುತ್ತೇನೆ. ಲಕೋಟೆಗೆ ಗೋಂದು ಹಾಕಿ, ಮೇಲೆ ಟೇಪನ್ನೂ ಸುತ್ತುತ್ತೇನೆ. ಅದು ಅವನ ಮೇಲಿನ ಅನುಮಾನದಿಂದ ಅಲ್ಲ. ಅನುಭವದಿಂದ.

ಸಂಗತಿ ಏನೆಂದರೆ, ನೀನು ಹೋದ ಐದನೇ ದಿನಕ್ಕೆ ನಮ್ಮ ಸ್ಟುಡಿಯೋಗೆ ಎರಡು ಸ್ಲೇಟು ಬಂದವು. ನಿನ್ನ ತಮ್ಮ ಅವನ್ನು ಟ್ಯಾಬ್ಲೆಟ್ ಎನ್ನುತ್ತಾನೆ. ಕಪ್ಪಗೆ, ಚಪ್ಪಟೆಯಾಗಿ, ಬಳಪವೊಂದು ಬಿಟ್ಟು ಮತ್ತೆಲ್ಲ ಸ್ಲೇಟಿನಂತೆಯೇ ಇರುವುದರಿಂದ ನಾನು ಸ್ಲೇಟು ಎನ್ನುತ್ತೇನೆ. ಒಂದನ್ನು ಕೌಂಟರಿನ ಮೇಲೆ ಇಟ್ಟಿದ್ದಾನೆ. ಇನ್ನೊಂದು ಸಮಾರಂಭಗಳಿಗೆ ನಮ್ಮ ಜೊತೆ ಬರುತ್ತದೆ. ನಾವು ಫೋಟೋ ಹೊಡೆದರೆ ಸಾಕು, ಅದು ಗಾಳಿಯಲ್ಲೇ ಹೋಗಿ ಹಾಲಿನ ಬಾಗಿಲಲ್ಲಿಟ್ಟ ಸ್ಲೇಟಿನಲ್ಲಿ ಮೂಡುತ್ತದೆ. ಬಂದವರೆಲ್ಲ ಬೆರಳಿನಿಂದ ತಳ್ಳಿ ತಳ್ಳಿ ನೋಡುತ್ತಾರೆ. ಚೆನ್ನಾಗಿದ್ದದ್ದಕ್ಕೆ ಕೆಂಪು ಹಾರ್ಟ್ ಒತ್ತುತ್ತಾರೆ. ಹೆಚ್ಚು ಹಾರ್ಟ್ ಬಿದ್ದ ಫೋಟೋ ಆಲ್ಬಮ್ಮಿಗೆ. ಒಂಬತ್ತು ವರ್ಷ "ಮುಂದಿನ ವಾರ ಬನ್ನಿ, ಆಗ್ತಾ ಇದೆ" ಎಂದು ಹೇಳಿ ಹೇಳಿ ನಾನು ಕಟ್ಟಿಕೊಂಡ ಗೌರವವೆಲ್ಲ ಒಂದು ವಾರದಲ್ಲಿ ಹೋಯಿತು. ಮೊದಲು ಜನ ಫೋಟೋ ಹೇಗೆ ಬಂದಿದೆಯೋ ಎಂದು ನನ್ನ ಮುಖ ನೋಡುತ್ತಿದ್ದರು. ಈಗ ನನ್ನನ್ನು ಪಕ್ಕಕ್ಕೆ ಸರಿಸಿ ಸ್ಲೇಟು ನೋಡುತ್ತಾರೆ. ನಮ್ಮ ನೀಲಿ ಮಖಮಲ್ಲಿನ ಸ್ಯಾಂಪಲ್ ಆಲ್ಬಮ್ ನೆನಪಿದೆಯಾ? ಗಿರಾಕಿಗಳಿಗೆ ಅದನ್ನು ತೊಡೆಯ ಮೇಲಿಟ್ಟು, ಪುಟಕ್ಕೊಂದು ಕಥೆ ಹೇಳಿ ತೋರಿಸುತ್ತಿದ್ದವಳು ನೀನು. ಈಗ ಅದು ಪ್ರಿಂಟರ್ ಮೇಜಿನ ಗಿಡ್ಡ ಕಾಲಿನ ಕೆಳಗಿದೆ. ಮೇಜು ಅಲುಗಾಡುವುದಿಲ್ಲ, ಅದಂತೂ ನಿಜ.

ಸ್ಲೇಟಿನ ಮೇಲೆ ಹೊಟ್ಟೆಕಿಚ್ಚು ಪಡುವುದು ಗಂಡಸಿಗೆ ಶೋಭೆಯಲ್ಲ ಎಂದು ಸುಮ್ಮನಿದ್ದೆ. ಆದರೆ ಅದಕ್ಕೆ ಇನ್ನೊಂದು ದುರ್ಗುಣವಿದೆ. ಯಾವ ಫೋಟೋ ಯಾವ ಕ್ಯಾಮೆರಾದ್ದೆಂದು ತಾನೇ ಗುರುತು ಹಿಡಿದು, ಮೂಲೆಯಲ್ಲಿ ನಂಬರ್ ಹಾಕುತ್ತದೆ. ಒಂದು ನಾನು, ಎರಡು ನಿನ್ನ ತಮ್ಮ. ಒಂದನೇ ನಂಬರ್ ಸಿಕ್ಕಾಗ ಹಿರಿತನಕ್ಕೆ ಇನ್ನೂ ಬೆಲೆಯಿದೆ ಎಂದು ಖುಷಿಪಟ್ಟೆ. ಆ ಖುಷಿ ಹೆಡ್‌ಮಿಸ್ಸಿನ ಬೀಳ್ಕೊಡುಗೆ ಸಮಾರಂಭದವರೆಗೆ ಬಾಳಿತು. ಅಂದು ಅರ್ಧ ಕಾರ್ಯಕ್ರಮ ಮುಗಿದಾಗ ಹೋಗಿ ನೋಡಿದೆ: ಎರಡನೇ ನಂಬರಿಗೆ ಇನ್ನೂರ ಹನ್ನೆರಡು ಹಾರ್ಟ್, ಒಂದನೇ ನಂಬರಿಗೆ ಹತ್ತೊಂಬತ್ತು. ಆ ಹತ್ತೊಂಬತ್ತರಲ್ಲೂ ಹನ್ನೊಂದು, ಯಾರದ್ದೋ ಸೊಂಟದ ಮೇಲಿದ್ದ ಮಗುವೊಂದು ಅಂಗೈ ಬಡಿದು ದಯಪಾಲಿಸಿದ್ದು. ಆಲ್ಬಮ್ಮಿನಲ್ಲಿ ನನ್ನದೊಂದು ಪುಟವೂ ಇರುವುದಿಲ್ಲ ಎಂದು ಗೊತ್ತಾಯಿತು. ಇವನಿಗೆ ಕ್ಯಾಮೆರಾ ಹಿಡಿಯುವುದನ್ನು ಕಲಿಸಿದವನು ನಾನು, ಅದೂ ಹೋದ ವರ್ಷ! ಆಚೀಚೆ ನೋಡಿದೆ. ಎಲ್ಲರೂ ಭಾಷಣ ಕೇಳುತ್ತಿದ್ದರು. ಆಮೇಲೆ ನಡೆದದ್ದನ್ನು ನಾನು ನ್ಯಾಯ ಒದಗಿಸುವುದು ಎಂದು ಕರೆಯುತ್ತೇನೆ. ನನ್ನ ಫೋಟೋಗಳನ್ನು ಒಂದೊಂದಾಗಿ ತಳ್ಳಿ, ಒಂದೊಂದಕ್ಕೂ ಹಾರ್ಟ್ ಒತ್ತುತ್ತಾ ಹೋದೆ.

ಆ ಸ್ಲೇಟಿಗೂ ವೇದಿಕೆಯ ದೊಡ್ಡ ಪರದೆಗೂ ನಿನ್ನ ತಮ್ಮ ಸಂಬಂಧ ಕಲ್ಪಿಸಿದ್ದ ಎಂದು ನನಗೆ ಯಾರೂ ಹೇಳಿರಲಿಲ್ಲ ಕಣೇ. ನಾನೂರು ಜನರ ಎದುರು, ಬಾಗಿಲಿನಷ್ಟು ಎತ್ತರದ ಪರದೆಯ ಮೇಲೆ, ಒಂದನೇ ನಂಬರಿನ ಫೋಟೋಗಳಿಗೆ ಮಾತ್ರ ಕುಂಬಳಕಾಯಿ ಗಾತ್ರದ ಕೆಂಪು ಹಾರ್ಟುಗಳು ಪಟಪಟನೆ ಅರಳತೊಡಗಿದವು. ಮೂವತ್ತು ವರ್ಷ ಪರೀಕ್ಷಾ ಕೊಠಡಿಗಳಲ್ಲಿ ಅಡ್ಡಾಡಿದ ಹೆಡ್‌ಮಿಸ್ ಭಾಷಣ ನಿಲ್ಲಿಸಿ, ಮೈಕಿನಲ್ಲಿ, "ಅಲ್ಲಿ ಬಾಗಿಲ ಹತ್ರ ತನ್ನ ಪೇಪರ್ ತಾನೇ ತಿದ್ದುತ್ತಾ ಇರೋದು ಯಾರು? ಎದ್ದು ನಿಲ್ಲಿ" ಎಂದರು. ನಾನು ನಿಂತೇ ಇದ್ದೆ. ಆದರೂ ಇನ್ನೊಂದು ಸಲ ನಿಂತ ಹಾಗೆ ಮಾಡಿದೆ. ಅಂದು ನಕ್ಕ ನಗುವನ್ನು ಆ ಊರಿನ ಜನ ಇಡೀ ವರ್ಷಕ್ಕೆ ಹಂಚಿಕೊಂಡು ನಗಬಹುದಿತ್ತು. ನಾನು ತಲೆ ಎತ್ತಿದ ಕ್ಷಣವನ್ನು ನಿನ್ನ ತಮ್ಮ ಹೊಡೆದ. ಆ ಫೋಟೋಗೆ ನೂರ ನಲವತ್ತು ಹಾರ್ಟ್ ಬಿತ್ತು. ಹೆಡ್‌ಮಿಸ್ಸಿನ ಆಲ್ಬಮ್ಮಿನ ಮೂರನೇ ಪುಟದಲ್ಲಿ ನಾನು ಶಾಶ್ವತವಾಗಿ ನೆಲೆಸಿದ್ದೇನೆ.

ಇಂಥ ಅವಮಾನವಾದ ಮೇಲೆ ಬುದ್ಧಿವಂತನಾದವನು ಸುಮ್ಮನಿರುತ್ತಾನೆ. ನಾನು ಏನು ಮಾಡಿದೆನೆಂದು ನಿನಗೆ ಆಗಲೇ ಅಂದಾಜಾಗಿರಬೇಕು. ಇವನೊಬ್ಬ ಒಂದು ವರ್ಷದವನು, ನನ್ನ ಒಂಬತ್ತು ವರ್ಷವನ್ನು ಪೂರ್ತಿ ತೆಗೆದು ತೋರಿಸಿದರೆ ಎಲ್ಲಿ ನಿಲ್ಲುತ್ತಾನೆ ಎಂದು ಹಠ ಹಿಡಿದೆ. ಬೀರುವಿನಲ್ಲಿದ್ದ, ಹಳೆಯ ಫೋಟೋಗಳ ಮೆಮೊರಿ ಕಾರ್ಡುಗಳ ಡಬ್ಬಿಯನ್ನು, ಆರಿಸದೆ, ಸೋಸದೆ, ಹಾಗೇ ಕೌಂಟರಿನ ಸ್ಲೇಟಿಗೆ ಸುರಿದುಬಿಟ್ಟೆ. ಆರಿಸುವ ಕೆಲಸ ಯಾವಾಗಲೂ ನಿನ್ನದಲ್ಲವೇ, ನನಗೆಲ್ಲಿ ಅಭ್ಯಾಸ? ಎರಡು ದಿನ ಬಂದವರೆಲ್ಲ ನೋಡಿದರು. ಹಾರ್ಟುಗಳು ಸುರಿದವು. ಎಲ್ಲವೂ ಹಳೆಯ ಫೋಟೋಗಳಿಗೇ! ನಾನು ಸಿಳ್ಳೆ ಹಾಕಿಕೊಂಡು ಓಡಾಡಿದೆ. ನಿನ್ನ ತಮ್ಮನಿಗೆ ನಾನೇ ಚಹಾ ತರಿಸಿಕೊಟ್ಟು, "ಬೇಜಾರು ಮಾಡ್ಕೋಬೇಡ, ನಿನಗೂ ವಯಸ್ಸಾಗುತ್ತೆ" ಎಂದು ಸಮಾಧಾನ ಬೇರೆ ಹೇಳಿದೆ. ಅವನು ಏನೋ ಹೇಳಲು ಬಾಯಿ ತೆರೆದು, ಬಿಸ್ಕತ್ತು ಹಾಕಿ ಮುಚ್ಚಿಕೊಂಡ.

ಮೊನ್ನೆ ಮಂಗಳವಾರ ಮೂಲೆ ಬೇಕರಿಯ ಯಜಮಾನಿ ಬಂದರು. ಅವರ ತಂದೆಗೆ ಇಪ್ಪತ್ತೇಳನೇ ತಾರೀಖು ಎಂಬತ್ತು ತುಂಬುತ್ತದಂತೆ. ಕೈಗಂಟಿದ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು ಸ್ಲೇಟು ತಳ್ಳುತ್ತಾ ಹೋದವರು ಒಂದು ಫೋಟೋದ ಹತ್ತಿರ ನಿಂತರು. ನಿಂತವರು ನಿಂತೇ ಬಿಟ್ಟರು. ಆ ಐವತ್ತನೇ ಮದುವೆ ವಾರ್ಷಿಕೋತ್ಸವ ನೆನಪಿದೆಯಾ, ನಲವತ್ತು ಜನರನ್ನು ಮೂರು ಸಾಲಿನಲ್ಲಿ ನಿಲ್ಲಿಸಲು ನಾನು ಗಂಟಲು ಹರಿದುಕೊಂಡದ್ದು? ಅಂದಿನದೇ. ಸಾಲಿನ ಆಚೆ ತುದಿಯಲ್ಲಿ ಆ ಸಮಾರಂಭದ ಅಜ್ಜ ಬಗ್ಗಿ ಅಜ್ಜಿಯ ಚಪ್ಪಲಿಯ ಪಟ್ಟಿ ಹಾಕುತ್ತಿದ್ದಾರೆ. ಅಜ್ಜಿ ಬೀಳದ ಹಾಗೆ ಅವರ ಬೋಳುತಲೆಯ ಮೇಲೆ ಕೈಯೂರಿಕೊಂಡು, ಯಾರಿಗೂ ಕಾಣಿಸಲಿಲ್ಲ ಎಂದುಕೊಂಡು ನಗುತ್ತಿದ್ದಾರೆ. ಬೇಕರಿಯವರು, "ನಮ್ಮಪ್ಪ ಕ್ಯಾಮೆರಾ ಕಂಡ್ರೆ ಸಾಕು, ಪೊಲೀಸ್ ಸ್ಟೇಷನ್‌ನಲ್ಲಿ ನಿಂತ ಹಾಗೆ ನಿಂತುಬಿಡ್ತಾರೆ. ಅಪ್ಪ ನಗೋ ಫೋಟೋ ನಮ್ಮನೇಲಿ ಒಂದೂ ಇಲ್ಲ. ನಂಗೆ ಇದನ್ನ ತೆಗೆದೋರೇ ಬೇಕು" ಎಂದರು. ನಾನು ಕಾಲರ್ ಸರಿಮಾಡಿಕೊಂಡು, "ಅವರ ಎದುರೇ ನಿಂತಿದ್ದೀರಿ ಮೇಡಂ" ಎಂದೆ. ಅವರು ಫೋಟೋ ನೋಡಿದರು, ನನ್ನನ್ನು ನೋಡಿದರು, ಮತ್ತೆ ಫೋಟೋ ನೋಡಿದರು. "ಹಾಗಾದ್ರೆ ಇಲ್ಲಿ ಮೂಲೇಲಿ ಬೆನ್ನು ತೋರಿಸಿಕೊಂಡು ಕೈ ಬೀಸ್ತಾ ಇರೋರು ಯಾರು?" ಎಂದರು. ನಾನೇ. ಅದೇ ಹಸಿರು ಚೌಕುಳಿ ಅಂಗಿ. ನನ್ನ ದುರದೃಷ್ಟ ನೋಡು, ಮಂಗಳವಾರವೂ ಅದನ್ನೇ ಹಾಕಿದ್ದೆ. "ನಮ್ಮ ಭಾವ ಬಹಳ ಫಾಸ್ಟು ಮೇಡಂ, ಎರಡೂ ಕಡೆ ಇರ್ತಾರೆ" ಎಂದ ನಿನ್ನ ತಮ್ಮ. ಆಮೇಲೆ ನಗದೆ, ಬೆರಳಿಟ್ಟು, ಮೂಲೆಯ ನಂಬರ್ ತೋರಿಸಿದ. ಮೂರು.

ಮೂರನೇ ಕ್ಯಾಮೆರಾ ಯಾವುದೆಂದು ನಿನಗೆ ಬಿಡಿಸಿ ಹೇಳಬೇಕೆ? ಲೈಟಿನ ಚೀಲದ ಪಕ್ಕದ ಜೇಬಿನಲ್ಲಿ ಇರುತ್ತಿದ್ದ ನಿನ್ನ ಆ ಪುಟ್ಟ ಕ್ಯಾಮೆರಾ. ನಾನು ಶುರು ಮಾಡುವ ಮೊದಲು ಬೆಳಕು ಎಲ್ಲಿ ಬೀಳುತ್ತದೆಂದು ಅದರಲ್ಲಿ ನಾಲ್ಕು ಸಲ ಹೊಡೆದು ನನಗೆ ತೋರಿಸುತ್ತಿದ್ದೆ. ನಾನು ಬೆಳಕನ್ನಷ್ಟೇ ನೋಡಿ, ಇಡೀ ಹಾಲಿಗೆ ಕೇಳುವ ಹಾಗೆ "ಇನ್ನೊಂಚೂರು ಎಡಕ್ಕೆ! ಎಡಕ್ಕೆ ಅಂದೆ!" ಎಂದು ಕೂಗಿ ವಾಪಸು ಕೊಡುತ್ತಿದ್ದೆ. ಫೋಟೋ ನೋಡಿದ್ದು ಒಂದು ದಿನವೂ ಇಲ್ಲ. ಬೇಕರಿಯವರು, "ಆ ಮೂರನೇ ಕ್ಯಾಮೆರಾದೋರು ಎಲ್ಲಿ?" ಎಂದು ಕೇಳಿದಾಗ ನನ್ನ ಬಾಯಿಂದ ಬಂದ ಮಾತು ಇದು: "ಅವಳಾ? ಅವಳು ಲೈಟ್ ಹಿಡಿಯೋಳು ಮೇಡಂ." ಬರೆದಿದ್ದೇನೆ, ಹೊಡೆದುಹಾಕುವುದಿಲ್ಲ. ಅವರು, "ಲೈಟ್ ಹಿಡಿಯೋರೇ ಬರೋದಾದ್ರೆ ಶನಿವಾರದೊಳಗೆ ಹೇಳಿ. ಇಲ್ಲಾಂದ್ರೆ ನಾನು ಬೇರೆ ಕಡೆ ನೋಡ್ಕೋತೀನಿ" ಎಂದು ಎದ್ದುಹೋದರು. ನಿನ್ನ ತಮ್ಮ ಅಂದಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಬೇಕಾದದ್ದನ್ನು ಸ್ಲೇಟಿನ ಮೇಲೆ ಬರೆದು ತೋರಿಸುತ್ತಾನೆ. ಬಳಪವಿಲ್ಲದಿದ್ದರೂ ಅದು ಸ್ಲೇಟೇ ಎಂದು ಅಲ್ಲಿಗೆ ರುಜುವಾತಾಯಿತು.

ನಿನ್ನೆ ಅಂಗಡಿ ಬಾಗಿಲು ಅರ್ಧ ಎಳೆದುಕೊಂಡು ಮೂರನೇ ನಂಬರಿನದ್ದನ್ನೆಲ್ಲ ನೋಡಿದೆ. ಆರುನೂರ ನಲವತ್ತು. ಮೊದಲ ಐವತ್ತನ್ನು ತಪ್ಪು ಹುಡುಕಲೆಂದೇ ನೋಡಿದೆ. ಹುಡುಕಿ ಹುಡುಕಿ ಕಣ್ಣು ನೋಯಿತು. ನನ್ನ ಹೊಟ್ಟೆಕಿಚ್ಚು ಮೊದಲು ಸ್ಲೇಟಿನ ಮೇಲಿತ್ತು, ಆಮೇಲೆ ನಿನ್ನ ತಮ್ಮನ ಮೇಲೆ. ಈಗ ಮನೆಗೇ ಬಂದು ಕಾಲು ಚಾಚಿಕೊಂಡು ಕೂತಿದೆ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ನಾನು ಆ ಗಿಡಕ್ಕೆ ಒಂಬತ್ತು ವರ್ಷ ಲೈಟು ನೇತುಹಾಕಿದ್ದೆ. ಒಂದು ವಿಷಯ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ನಿನ್ನ ಫೋಟೋಗಳಲ್ಲಿ ಎಲ್ಲರೂ ಇಷ್ಟು ಚೆನ್ನಾಗಿ ಬಂದಿದ್ದಾರೆ, ನಾನು ಮಾತ್ರ ಎಲ್ಲದರಲ್ಲೂ ಬೆನ್ನು ತೋರಿಸಿಕೊಂಡು ಕೂಗುತ್ತಿದ್ದೇನೆ. ಇದು ನಿನ್ನ ಕ್ಯಾಮೆರಾದ ತಪ್ಪೋ? ನನ್ನ ಫೋಟೋಗಳಲ್ಲಿ ನೀನು ಎಲ್ಲಿದ್ದೀಯ ಎಂದೂ ಹುಡುಕಿದೆ. ಕೆಲವುಗಳ ಅಂಚಿನಲ್ಲಿ ಲೈಟಿನ ಕೋಲು ಹಿಡಿದ ನಿನ್ನ ಕೈ ಇದೆ. ಆಲ್ಬಮ್ಮಿಗೆ ಹಾಕುವಾಗ ಅದನ್ನು ಕತ್ತರಿಸುತ್ತಿದ್ದೆ.

ಬೇಕರಿಯವರಿಗೆ ಏನು ಹೇಳುವುದೆಂದು ಇನ್ನೂ ತೀರ್ಮಾನಿಸಿಲ್ಲ. ಅತ್ತೆಯವರ ಕಾಲಿನ ಕಾರಣದಿಂದ ಮಾತ್ರ. ಬೇರೆ ಕಾರಣವೇನೂ ಇಲ್ಲ. ಇದ್ದರೂ ಅದನ್ನು ಕಾಗದದ ಮೇಲೆ ಬರೆಯುವಷ್ಟು ದೊಡ್ಡ ಮನಸ್ಸು ನನ್ನದಲ್ಲ.

ಅತ್ತೆಯವರಿಗೆ ನನ್ನ ನಮಸ್ಕಾರ. ಅವರ ಪ್ಲಾಸ್ಟರಿಗೂ. ನೀನು ಹೊತ್ತಿಗೆ ಸರಿಯಾಗಿ ಉಣ್ಣು.

ಇಂತಿ ನಿನ್ನ,
ಒಂದನೇ ನಂಬರ್

ತಾ.ಕ.: ಶುಕ್ರವಾರ ಬೆಳಿಗ್ಗೆ. ಟೇಪು ಕಿತ್ತು ಬರೆಯುತ್ತಿದ್ದೇನೆ. ನಿನ್ನ ತಮ್ಮ ಒಂದು ಕಾಲಿಗೆ ಷೂ ಹಾಕಿಕೊಂಡು "ಬಸ್ಸು, ಭಾವ, ಬಸ್ಸು" ಎನ್ನುತ್ತಿದ್ದಾನೆ. ಹೌದು, ಮಾತಾಡಿದ. ಯಾಕೆಂದರೆ ನಿನ್ನೆ ಸಂಜೆ ಬೇಕರಿಗೆ ಹೋಗಿ, "ಅವಳಮ್ಮನ ಕಾಲು ಸರಿಹೋದ್ರೆ ಇಪ್ಪತ್ತೇಳಕ್ಕೆ ಬರ್ತಾಳೆ" ಎಂದೆ. "ಯಾರು, ಲೈಟ್ ಹಿಡಿಯೋರಾ?" ಎಂದು ಅವರು ಬೇಕೆಂದೇ ಕೇಳಿದರು. "ಅಲ್ಲ ಮೇಡಂ, ಫೋಟೋಗ್ರಾಫರ್. ಲೈಟ್ ಹಿಡಿಯೋನು ನಾನು" ಎಂದೆ. ನಿನ್ನನ್ನು ಕೇಳದೆ ಹೇಳಿದ್ದು ತಪ್ಪು, ನಿನಗಾಗದಿದ್ದರೆ ನಾನೇ ಹೋಗಿ ಇಲ್ಲವೆಂದು ಹೇಳಿಬರುತ್ತೇನೆ. ಇವತ್ತು ಬೆಳಿಗ್ಗೆ ಲೈಟಿನ ಕೋಲು ಎತ್ತಿಕೊಂಡು ಬಾಲ್ಕನಿಯಲ್ಲಿ ನಿಂತು ನೋಡಿದೆ. ಹತ್ತು ನಿಮಿಷಕ್ಕೆ ತೋಳು ಬಿದ್ದುಹೋಯಿತು. (ಮೂರನೇ ಕುಂಡ ಹೋದದ್ದು ಹಾಗೆ.) ಒಂಬತ್ತು ವರ್ಷದಲ್ಲಿ ಒಂದು ದಿನವೂ ನೋಯುತ್ತದೆ ಎಂದು ಹೇಳಲಿಲ್ಲವಲ್ಲೇ. ನೀನು ಜೊತೆಗೆ ಒಯ್ದ ಪುಟ್ಟ ಕ್ಯಾಮೆರಾವನ್ನು ಚಾರ್ಜ್ ಮಾಡಿಕೊಂಡು ಬಾ. ಹೊಟ್ಟೆಕಿಚ್ಚು ಇನ್ನೂ ಪೂರ್ತಿ ಆರಿಲ್ಲ, ಆದ್ದರಿಂದ ಒಂದು ಬೇಡಿಕೆ. ಅಂದು ನಾನು ಲೈಟ್ ಹಿಡಿದು ನಿಂತಾಗ "ಇನ್ನೊಂಚೂರು ಎಡಕ್ಕೆ" ಎಂದು ಹೇಳಬೇಕಾಗಿ ಬಂದರೆ, ಹತ್ತಿರ ಬಂದು, ಮೆಲ್ಲಗೆ ಹೇಳು.